ಬೈಯಿರಿ, ಆದರೆ ಬಂದು ನೋಡಿ ಬೈಯಿರಿ: ಬೆಂಗಳೂರಿನ ಫುಟ್‌ಬಾಲ್ ಅಭಿಮಾನಿಗಳಿಗೆ ಒಂದು ಬಹಿರಂಗ ಪತ್ರ

ಕಂಠೀರವದ ವೆಸ್ಟ್ ಬ್ಲಾಕಿನಲ್ಲಿ ನಿಂತು ಗಂಟಲು ಹರಿದುಕೊಳ್ಳುವ ಗೆಳೆಯರೇ, ಎದುರಿನ ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಸುಲಿಯುತ್ತಾ ರೆಫರಿಗೆ ಬುದ್ಧಿ ಹೇಳುವ ಹಿರಿಯರೇ, ಮನೆಯಲ್ಲಿ ಟಿವಿ ಮುಂದೆ ಕೂತು ಪುಕ್ಕಟೆ ಕೋಚ್ ಕೆಲಸ ಮಾಡುವವರೇ,

ನಮಸ್ಕಾರ. ನಾನು ನಿಮ್ಮವಳೇ. ಮನೆಯಲ್ಲಿ ನಮ್ಮ ಬೆಂಗಳೂರು ಎಫ್‌ಸಿಯ ಮೂರು ನೀಲಿ ಜೆರ್ಸಿಗಳಿವೆ. ಅದರಲ್ಲೊಂದು ಒಗೆದು ಒಗೆದು ಯಾವ ಬಣ್ಣ ಅಂತಲೇ ಹೇಳಲಾಗದ ಸ್ಥಿತಿಗೆ ಬಂದಿದೆ. 2015ರ ಮೇ 31ರಂದು ಕಂಠೀರವದಲ್ಲಿ ಮಳೆಗೆ ನೆಂದವರ ಪೈಕಿ ನಾನೂ ಒಬ್ಬಳು. ಅವತ್ತು ಗೆದ್ದರೆ ದೇಶದ ಆಗಿನ ದೊಡ್ಡ ಲೀಗ್ ಆದ ಐ-ಲೀಗ್ ಕಪ್ ನಮ್ಮದು, ಡ್ರಾ ಆದರೆ ಮೋಹನ್ ಬಾಗಾನ್‌ನದು. ಜಾನ್ ಜಾನ್ಸನ್ ಗೋಲು ಹೊಡೆದಾಗಿತ್ತು. ಇನ್ನು ಮೂರೇ ನಿಮಿಷ. ಬಾಗಾನ್‌ನ ಬೆಲ್ಲೊ ರಜಾಕ್ ತಲೆ ಕೊಟ್ಟ, ಚೆಂಡು ಒಳಗೆ ಹೋಯಿತು, ಕಪ್ಪು ನಮ್ಮ ಕಣ್ಣೆದುರೇ ಕೋಲ್ಕತ್ತಾಗೆ ಹೊರಟಿತು. ಆವತ್ತು ಮನೆಗೆ ಬಂದು ಊಟ ಮಾಡದೆ ಮಲಗಿದ್ದೆ.

ಇದನ್ನು ಮೊದಲೇ ಹೇಳಿಬಿಡುವುದಕ್ಕೆ ಕಾರಣವಿದೆ. ಮುಂದಿನದ್ದು ಓದಿದ ಮೇಲೆ ನಿಮ್ಮಲ್ಲಿ ಅರ್ಧ ಜನ 'ಇವಳು ಕೊಚ್ಚಿ ಕಡೆಯವಳಿರಬೇಕು' ಅನ್ನುತ್ತೀರಿ. ಅಲ್ಲ. ಹುಟ್ಟಿದ್ದು, ಬೆಳೆದಿದ್ದು, ಟ್ರಾಫಿಕ್ಕಿನಲ್ಲಿ ಕೂತು ಕೂದಲು ಬೆಳ್ಳಗೆ ಮಾಡಿಕೊಂಡಿದ್ದು ಎಲ್ಲಾ ಇದೇ ಊರಿನಲ್ಲಿ. ಆದರೆ ಕೆಲವು ಮಾತು ನನ್ನ ಗಂಟಲಲ್ಲಿ ಎರಡು ಮೂರು ವರ್ಷದಿಂದ ಸಿಕ್ಕಿಕೊಂಡಿವೆ. ವಾಟ್ಸ್ಆ್ಯಪ್ ಗುಂಪಿನಲ್ಲಿ ಹೇಳಲು ಹೋದರೆ ಎರಡನೇ ಸಾಲಿಗೇ ಯಾರಾದರೂ ಜಗಳಕ್ಕೆ ಬರುತ್ತಾರೆ. ಅದಕ್ಕೇ ಪತ್ರ. ಪತ್ರದ ಮಧ್ಯೆ ಬಾಯಿ ಹಾಕುವುದಕ್ಕೆ ಆಗಲ್ಲ, ಅಲ್ವಾ?

2023ರ ಮಾರ್ಚ್ 3ರಿಂದ ಶುರು ಮಾಡುತ್ತೇನೆ. ಆ ರಾತ್ರಿ ನಿಮಗೆಲ್ಲ ನೆನಪಿದೆ. ಕೊಚ್ಚಿಯ ಕೇರಳ ಬ್ಲಾಸ್ಟರ್ಸ್ ವಿರುದ್ಧ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ನಾಕೌಟ್ ಪಂದ್ಯ, ತೊಂಬತ್ತು ನಿಮಿಷ ಗೋಲಿಲ್ಲ, ಹೆಚ್ಚುವರಿ ಅವಧಿ. ಬಾಕ್ಸಿನ ಹೊರಗೆ ಫ್ರೀಕಿಕ್. ಬ್ಲಾಸ್ಟರ್ಸ್ ಹುಡುಗರು ಗೋಡೆ ಕಟ್ಟಿಕೊಳ್ಳುತ್ತಿದ್ದಾರೆ, ಗೋಲ್‌ಕೀಪರ್ ಸಾಲು ಸರಿ ಮಾಡಿಸುತ್ತಿದ್ದಾನೆ. ಅಷ್ಟರಲ್ಲಿ ನಮ್ಮ ಸುನಿಲ್ ಚೆಟ್ರಿ ಮೆಲ್ಲಗೆ ಚೆಂಡನ್ನು ಖಾಲಿ ಗೋಲಿಗೆ ಎತ್ತಿ ಹಾಕಿದ. ರೆಫರಿ ಕ್ರಿಸ್ಟಲ್ ಜಾನ್ ಗೋಲು ಕೊಟ್ಟರು. ಆಮೇಲೆ ಬ್ಲಾಸ್ಟರ್ಸ್ ಕೋಚ್ ಇವಾನ್ ವುಕೊಮನೊವಿಚ್ ಕೈ ಬೀಸಿ ತಮ್ಮ ತಂಡವನ್ನೇ ಒಳಗೆ ಕರೆದುಕೊಂಡು ಹೋಗಿಬಿಟ್ಟರು. ನಾವು ಅರ್ಧ ಖುಷಿ, ಅರ್ಧ ಗಾಬರಿಯಲ್ಲಿ ನಿಂತಿದ್ದೆವು. ಗೆದ್ದೆವಾ ಇಲ್ಲವಾ ಅಂತ ಪಕ್ಕದವರನ್ನು ಕೇಳುತ್ತಾ.

ಗೋಲು ಸರಿಯೇ. ಇದರಲ್ಲಿ ನನಗೆ ಅನುಮಾನವಿಲ್ಲ. ಫ್ರೀಕಿಕ್ ಸಿಕ್ಕ ತಂಡ ಗೋಡೆ ಹಿಂದೆ ಸರಿಯಲಿ ಅಂತ ಕೇಳಿದರೆ ಮಾತ್ರ ರೆಫರಿ 9.15 ಮೀಟರ್ ಅಳೆದು, ಸೀಟಿ ಊದುವವರೆಗೆ ಕಾಯಬೇಕು. ಕೇಳದಿದ್ದರೆ ಬೇಗ ಒದೆಯಬಹುದು. ಅದು ನಿಯಮದಲ್ಲೇ ಇದೆ, ಕಳ್ಳಾಟವಲ್ಲ. ಬ್ಲಾಸ್ಟರ್ಸ್‌ನ ಆಡ್ರಿಯನ್ ಲೂನಾ ಮೊದಲು ಚೆಂಡಿನ ಮುಂದೆ ಬಂದು ಅಡ್ಡ ನಿಂತಿದ್ದೇ ಅವನಿಗೆ ಅಪಾಯದ ವಾಸನೆ ಬಂದಿತ್ತು ಅನ್ನುವುದಕ್ಕೆ ಸಾಕ್ಷಿ. ಭಾರತದ ಫುಟ್‌ಬಾಲ್ ಫೆಡರೇಶನ್ನಿನ ಸಮಿತಿಯೂ ಬ್ಲಾಸ್ಟರ್ಸ್ ದೂರನ್ನು ತಳ್ಳಿಹಾಕಿತು. ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ, ಕೋಚ್‌ಗೆ 5 ಲಕ್ಷ ದಂಡ ಮತ್ತು 10 ಪಂದ್ಯ ನಿಷೇಧ.

ಇಲ್ಲಿಯವರೆಗೆ ನೀವೆಲ್ಲ ತಲೆ ಆಡಿಸುತ್ತಿದ್ದೀರಿ. ಈಗ ಕಹಿ ಮಾತು. ವುಕೊಮನೊವಿಚ್ ಬಗ್ಗೆ ನಾವು ಕಟ್ಟಿದ ಹಾಡು, ಬರೆದ ಜೋಕು ಎಲ್ಲಾ ಅತಿಯಾಯಿತು. ಆ ಮನುಷ್ಯ ಮಾಡಿದ್ದು ತಪ್ಪು. ಅದಕ್ಕೆ ಬೆಲೆ ತೆತ್ತ, ಕ್ಷಮೆಯನ್ನೂ ಕೇಳಿದ. ಆದರೆ ಕೋಚ್ ಆಗಿ ಅವನು ನಮ್ಮ ಡಗ್‌ಔಟಿನಲ್ಲಿ ಬಂದು ಹೋದ ಅನೇಕರಿಗಿಂತ ಒಂದು ಕೈ ಮೇಲು. ಸೋತು ಸೋತು ಸುಣ್ಣವಾಗಿದ್ದ ತಂಡವನ್ನು ಮೊದಲ ವರ್ಷವೇ, 2022ರಲ್ಲಿ, ಫೈನಲ್ಲಿಗೆ ತಂದ. ಪೆನಾಲ್ಟಿಯಲ್ಲಿ ಹೈದರಾಬಾದಿಗೆ ಸೋತ, ಅದು ಬೇರೆ ವಿಷಯ. ಒಂದು ಕಪ್ಪೂ ಗೆಲ್ಲದೆ ಹೋದರೂ ಅವನು ಹೊರಟಾಗ ಆ ಊರು ಅತ್ತಿತು. ನಮ್ಮ ಯಾವ ಕೋಚ್ ಹೋದಾಗ ನಾವು ಅತ್ತಿದ್ದೇವೆ? ಕಾರ್ಲೆಸ್ ಕ್ವಾಡ್ರಾಟ್ ನಮಗೆ 2019ರಲ್ಲಿ ಐಎಸ್‌ಎಲ್ ಕಪ್ಪನ್ನೇ ತಂದುಕೊಟ್ಟವರು. 2021ರ ಜನವರಿಯಲ್ಲಿ ಮೂರು ಪಂದ್ಯ ಸಾಲಾಗಿ ಸೋಲುತ್ತಿದ್ದಂತೆ ಅವರು ಹೊರಗೆ. ನಾವೂ 'ಹೋಗಲಿ ಬಿಡಿ' ಅಂದೆವು.

ಇನ್ನೊಂದು ಮಾತು ಹೇಳಿದರೆ ಇನ್ನೂ ಸಿಟ್ಟು ಬರುತ್ತದೆ. ಮಾರ್ಚ್ 3ಕ್ಕೆ 'ರೆಫರಿ ಹೇಳಿದ ಮೇಲೆ ಮುಗಿಯಿತು, ಎದ್ದು ಹೋಗುವುದು ಹೇಡಿಗಳ ಕೆಲಸ' ಅಂತ ಪಾಠ ಮಾಡಿದವರು ಸರಿಯಾಗಿ ಹದಿನೈದು ದಿನಕ್ಕೆ ಏನು ಮಾಡಿದೆವು? ಮಾರ್ಚ್ 18ರಂದು ಗೋವಾದಲ್ಲಿ ಫೈನಲ್, ಎದುರಿಗೆ ಎಟಿಕೆ ಮೋಹನ್ ಬಾಗಾನ್. ನಮ್ಮ ವಿರುದ್ಧ ಎರಡು ಪೆನಾಲ್ಟಿ. 2-2 ಆಗಿ ಶೂಟೌಟಿನಲ್ಲಿ ಸೋತೆವು. ಆ ರಾತ್ರಿಯೇ 'ಮೋಸ, ಮೋಸ' ಅಂತ ಶುರು. ವಿಡಿಯೊ ನೋಡಿ ರೆಫರಿ ತೀರ್ಪು ಪರಿಶೀಲಿಸುವ ವಿಎಆರ್ ತನ್ನಿ ಅಂತ ಕೂಗಿದೆವು. ಕ್ಲಬ್ಬಿನ ಮಾಲೀಕರೂ ಟ್ವೀಟ್ ಮಾಡಿದರು. ನಾನೂ ಕೂಗಿದವಳೇ, ಸುಳ್ಳು ಯಾಕೆ ಹೇಳಲಿ. ಕೊಚ್ಚಿಯ ನನ್ನ ಗೆಳತಿಯೊಬ್ಬಳು ಅವತ್ತು ಕಳಿಸಿದ ಸಂದೇಶದಲ್ಲಿ ಅಕ್ಷರವೇ ಇರಲಿಲ್ಲ. ಬರೀ ಒಂದು ನಗುವ ಮುಖ.

ಇದೆಲ್ಲ ಪೀಠಿಕೆ ಅಂತ ಇಟ್ಟುಕೊಳ್ಳಿ. ನನ್ನ ನಿಜವಾದ ಸಂಕಟ ಮಾರ್ಚ್ 3ರದ್ದಲ್ಲ, ಮಾರ್ಚ್ 4ರದ್ದು.

2023ರ ಮಾರ್ಚ್ 4ರಂದು ಏನಾಯಿತು ಅಂತ ಈಗ ಥಟ್ಟಂತ ಹೇಳಿ ನೋಡೋಣ. ಗೂಗಲ್ ಮಾಡಬೇಡಿ.

ಅವತ್ತು ಸೌದಿ ಅರೇಬಿಯಾದ ರಿಯಾದ್‌ನಲ್ಲಿ, ಕಿಂಗ್ ಫಹದ್ ಕ್ರೀಡಾಂಗಣದಲ್ಲಿ, ಕರ್ನಾಟಕ, ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿ ಗೆದ್ದಿತು. ಮೇಘಾಲಯ ವಿರುದ್ಧ 3-2. ಹಿಂದಿನ ಸಲ ಈ ಕಪ್ಪು ನಮ್ಮಲ್ಲಿಗೆ ಬಂದಿದ್ದು 1968-69ರಲ್ಲಿ. ಆಗ ರಾಜ್ಯದ ಹೆಸರೇ ಇನ್ನೂ ಮೈಸೂರು. 54 ವರ್ಷ! ಮದುವೆಯಾಗಿ, ಮಕ್ಕಳಾಗಿ, ಮೊಮ್ಮಕ್ಕಳನ್ನು ಕಂಡು, ಕೆಲವರು ಕಾಯುತ್ತಲೇ ಕಣ್ಣು ಮುಚ್ಚಿದರು. ಅಂಥ ಕಪ್ಪು ಅದು. ಎರಡನೇ ನಿಮಿಷಕ್ಕೇ ಸುನಿಲ್ ಕುಮಾರ್ ಗೋಲು. ಮೇಘಾಲಯ ಪೆನಾಲ್ಟಿಯಲ್ಲಿ ಸಮ ಮಾಡಿತು. ಬೇಕಿ ಓರಾಂ ಮತ್ತೆ ಮುಂದೆ ತಂದ. ವಿರಾಮಕ್ಕೆ ಸ್ವಲ್ಪ ಮುಂಚೆ ರಾಬಿನ್ ಯಾದವ್ ಮೂರನೆಯದನ್ನು ಹೊಡೆದ. ಹೇಗೆ ಗೊತ್ತಾ? ಫ್ರೀಕಿಕ್‌ನಲ್ಲಿ! ದೂರದಿಂದ, ನೇರವಾಗಿ, ಗೋಲ್‌ಕೀಪರ್ ನೋಡನೋಡುತ್ತಿದ್ದಂತೆ.

ಒಂದೇ ರಾಜ್ಯ. ಎರಡು ದಿನ. ಎರಡು ಫ್ರೀಕಿಕ್. ಒಂದರ ಬಗ್ಗೆ ನಾವು ಮೂರು ವರ್ಷದಿಂದ ಜಗಳ ಆಡುತ್ತಿದ್ದೇವೆ. ಇನ್ನೊಂದನ್ನು ಹೊಡೆದವನ ಹೆಸರು ಕೇಳಿದರೆ ನಮ್ಮ ಗುಂಪಿನಲ್ಲಿ ಹತ್ತರಲ್ಲಿ ಒಬ್ಬರು ಹೇಳಿದರೆ ಹೆಚ್ಚು.

ಮಾರ್ಚ್ 4ರ ರಾತ್ರಿ ನಾನೇನು ಮಾಡುತ್ತಿದ್ದೆ ಅಂತ ಯೋಚಿಸಿದೆ. ಚೆಟ್ರಿಯ ಫ್ರೀಕಿಕ್ ವಿಡಿಯೊ ನಿಧಾನಗತಿಯಲ್ಲಿ ಹಾಕಿಕೊಂಡು, ಸೀಟಿ ಬೇಕಿತ್ತಾ ಬೇಡವಾ ಅಂತ ಯಾರೋ ಗುರುತಿಲ್ಲದವರ ಜೊತೆ ವಾದ ಮಾಡುತ್ತಿದ್ದೆ. ಕೋಚ್ ರವಿ ಬಾಬು ರಾಜು ಹುಡುಗರು ರಿಯಾದ್‌ನಲ್ಲಿ ಕಪ್ಪು ಎತ್ತುತ್ತಿದ್ದರು. ಅಪ್ಪ ಪಕ್ಕದ ಕೋಣೆಯಿಂದ, 'ಲೇ, ಸಂತೋಷ್ ಟ್ರೋಫಿ ಗೆದ್ವಂತೆ!' ಅಂದರು. 'ಹೌದಾ? ಒಳ್ಳೇದಾಯ್ತು' ಅಂದೆ. ತಲೆ ಎತ್ತಲಿಲ್ಲ. ಅಪ್ಪ ಮತ್ತೆ ಮಾತಾಡಲಿಲ್ಲ.

ಅಪ್ಪ ಒಂದು ಕಾರ್ಖಾನೆಯ ತಂಡಕ್ಕೆ ಲೆಫ್ಟ್ ಬ್ಯಾಕ್ ಆಡಿದವರು. ಅವರ ಕಾಲದಲ್ಲಿ ಬೆಂಗಳೂರು ಫುಟ್‌ಬಾಲ್ ಅಂದರೆ ಎಚ್‌ಎಎಲ್, ಐಟಿಐ, ಮಿಲಿಟರಿಯ ಎಂಇಜಿ, ಎಎಸ್‌ಸಿ. ಆಸ್ಟಿನ್ ಟೌನಿನ ಹುಡುಗನಿಗೋ ಹಲಸೂರಿನ ಗೌತಮಪುರದ ಹುಡುಗನಿಗೋ ಕಾಲಲ್ಲಿ ಆಟವಿದ್ದರೆ ಸಾರ್ವಜನಿಕ ವಲಯದ ಕಾರ್ಖಾನೆ ಕೆಲಸ ಕೊಡುತ್ತಿತ್ತು. ಬೆಳಿಗ್ಗೆ ಪ್ರಾಕ್ಟೀಸು, ಮಧ್ಯಾಹ್ನ ಡ್ಯೂಟಿ, ಶನಿವಾರ ಮ್ಯಾಚು, ತಿಂಗಳ ಕೊನೆಗೆ ಸಂಬಳ, ಕೊನೆಗೆ ಪಿಂಚಣಿ. ಆ ಪಿಂಚಣಿಯ ಆಸೆಗೇ ಎಷ್ಟೋ ಅಮ್ಮಂದಿರು ಮಗ ಚೆಂಡು ಒದೆಯಲಿ ಅಂತ ಬಿಟ್ಟರು. ಆಟಗಾರರ ಕೋಟಾದಲ್ಲಿ ಕೆಲಸ ಕೊಡುವುದು ಕಮ್ಮಿಯಾದ ಮೇಲೆ ಅಮ್ಮಂದಿರು ಬ್ಯಾಟು ಕೊಡಿಸಿದರು, ಇಲ್ಲ ಟ್ಯೂಶನ್ನಿಗೆ ಕಳಿಸಿದರು. ಎಚ್‌ಎಎಲ್ ಐ-ಲೀಗ್‌ವರೆಗೂ ಬಂದಿತ್ತು. 2012ರಲ್ಲಿ ಕೆಳಕ್ಕೆ ಬಿತ್ತು. ಮಾರನೇ ವರ್ಷವೇ ಬೆಂಗಳೂರು ಎಫ್‌ಸಿ ಹುಟ್ಟಿತು. ನಾವು ಹೊಸದಕ್ಕೆ ಚಪ್ಪಾಳೆ ತಟ್ಟಿದೆವು. ಹಳೆಯದು ಹೋಗಿದ್ದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಾಯಿತೋ.

ಹಾಗಂತ ನಾನು ಕ್ಲಬ್ಬನ್ನು ಹಳಿಯುತ್ತಿಲ್ಲ. ಮೊದಲ ವರ್ಷವೇ ಐ-ಲೀಗ್ ಗೆದ್ದಿದ್ದು ಸಣ್ಣ ಮಾತಾ? ಕೋಚ್ ಆಶ್ಲಿ ವೆಸ್ಟ್‌ವುಡ್ ಆ ತಂಡವನ್ನು ಕಟ್ಟಿದ ರೀತಿ ನೋಡಬೇಕಿತ್ತು. ಈಗಿನವರು 'ಲಾಂಗ್ ಬಾಲ್ ಆಟ' ಅಂತ ಮೂಗು ಮುರಿಯುತ್ತಾರೆ. ನನ್ನನ್ನು ಕೇಳಿದರೆ ನಮ್ಮ ಕ್ಲಬ್ಬಿನ ಅತ್ಯಂತ ಗಟ್ಟಿ ತಂಡ ಅದೇ. ಪಾಸ್ ಮಾಡಿ ಮಾಡಿ ಸುಂದರವಾಗಿ ಸೋತ ಆಮೇಲಿನ ತಂಡಗಳಿಗಿಂತ ಅವರು ಎದುರಾಳಿಗೆ ಉಸಿರಾಡಲು ಬಿಡುತ್ತಿರಲಿಲ್ಲ. ಮೂರೇ ವರ್ಷದಲ್ಲಿ, ಆಲ್ಬರ್ಟ್ ರೋಕಾ ಕೋಚ್ ಆಗಿ ಬಂದ ಮೇಲೆ, ಏಷ್ಯಾದ ಕ್ಲಬ್ಬುಗಳು ಆಡುವ ಎಎಫ್‌ಸಿ ಕಪ್ ಫೈನಲ್. ಭಾರತದ ಯಾವ ಕ್ಲಬ್ಬೂ ಅಲ್ಲಿಯವರೆಗೆ ಹೋಗಿರಲಿಲ್ಲ. ದೋಹಾದಲ್ಲಿ ಇರಾಕಿನ ಏರ್ ಫೋರ್ಸ್ ಕ್ಲಬ್ಬಿಗೆ ಒಂದು ಗೋಲಿನಿಂದ ಸೋತೆವು. ಹೆಮ್ಮೆಯ ಸೋಲು ಅದು.

ನನ್ನ ತಕರಾರು ಬೇರೆ. ಲಾಂಛನದಲ್ಲಿ ಗಂಡಭೇರುಂಡ ಇಟ್ಟುಕೊಂಡ ಮಾತ್ರಕ್ಕೆ ಕ್ಲಬ್ಬು ಊರಾಗುವುದಿಲ್ಲ. 2025ರ ಆಗಸ್ಟ್‌ನಲ್ಲಿ ಏನಾಯಿತು ನೆನಪಿಸಿಕೊಳ್ಳಿ. ಫೆಡರೇಶನ್ನಿಗೂ ಲೀಗ್ ನಡೆಸುವ ಕಂಪನಿಗೂ ಇದ್ದ 15 ವರ್ಷದ ಒಪ್ಪಂದ ಮುಗಿಯುತ್ತಾ ಬಂದಿತ್ತು, ಮುಂದೇನು ಅಂತ ಯಾರಿಗೂ ಗೊತ್ತಿರಲಿಲ್ಲ, ಐಎಸ್‌ಎಲ್ ತಡೆಹಿಡಿದಿದ್ದರು. ನಮ್ಮ ಕ್ಲಬ್ಬು ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನೇ ನಿಲ್ಲಿಸಿತು. ಮಕ್ಕಳ ತಂಡ, ಸಾಕರ್ ಸ್ಕೂಲು ಮಾತ್ರ ನಡೆಯುತ್ತವೆ ಅಂತ ಹೇಳಿತು. ಮಾಲೀಕರ ಕಷ್ಟ ನನಗೆ ಅರ್ಥವಾಗುತ್ತದೆ, ಲೀಗೇ ಇಲ್ಲದೆ ಎಷ್ಟು ದಿನ ದುಡ್ಡು ಸುರಿಯುತ್ತಾರೆ? ಆದರೆ ಆ ಒಂದು ಪ್ರಕಟಣೆ ಓದಿದಾಗ ಗೊತ್ತಾಯಿತು. ಕಂಪನಿ ಹುಟ್ಟಿಸಿದ್ದನ್ನು ಕಂಪನಿ ಒಂದು ದಿನ ನಿಲ್ಲಿಸಬಹುದು. ಕಾರ್ಖಾನೆ ತಂಡದ ಕಥೆಯೂ ಇದೇ ಅಲ್ವಾ? ಅಪ್ಪ ಆ ಪ್ರಕಟಣೆ ನೋಡಿ ಏನೂ ಹೇಳಲಿಲ್ಲ. ಕನ್ನಡಕ ಒರೆಸಿಕೊಂಡು ಪೇಪರ್ ಮಡಿಸಿಟ್ಟರು.

ಊರ ಹುಡುಗರನ್ನು ತಂಡದಲ್ಲಿ ಆಡಿಸಿದಾಗ ಏನಾಗುತ್ತದೆ ಅಂತ ನಾವು ನೋಡಿದ್ದೇವೆ. 2024ರ ಸೆಪ್ಟೆಂಬರ್‌ನಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ ಮೊದಲ ಪಂದ್ಯ, ಬೆಂಗಳೂರಿನ ಹತ್ತೊಂಬತ್ತರ ಹುಡುಗ ವಿನೀತ್ ವೆಂಕಟೇಶ್ ಗೋಲು ಹೊಡೆದ, 1-0. ಅವತ್ತು ಸ್ಟ್ಯಾಂಡಿನಲ್ಲಿ ಎದ್ದ ಕೂಗು ಬೇರೆಯೇ ತರಹದ್ದು. ವಿದೇಶಿ ಸ್ಟ್ರೈಕರ್ ಹ್ಯಾಟ್ರಿಕ್ ಹೊಡೆದರೂ ಆ ದನಿ ಬರುವುದಿಲ್ಲ.

ಕಂಠೀರವದ ಬಗ್ಗೆಯೂ ಒಂದು ಮಾತು, ಬೇಗ ಹೇಳಿ ಮುಗಿಸುತ್ತೇನೆ. ಅಥ್ಲೀಟುಗಳು 'ನಮ್ಮ ಟ್ರ್ಯಾಕ್ ನಮಗೆ ಬಿಡಿ' ಅಂತ ಕೋರ್ಟಿಗೆ ಹೋದಾಗ ನಾವು ಅವರನ್ನು ಖಳನಾಯಕರ ತರಹ ನೋಡಿದೆವು. ಅವರದ್ದು ನ್ಯಾಯವಾದ ಸಿಟ್ಟು. ಅದು 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಸಜ್ಜಾದ ಅಥ್ಲೆಟಿಕ್ಸ್ ಕ್ರೀಡಾಂಗಣ. ನಾವು ಬಾಡಿಗೆಗೆ ಬಂದವರು. ಇಷ್ಟು ದೊಡ್ಡ ಊರಿನಲ್ಲಿ ನಮ್ಮ ಕ್ಲಬ್ಬಿಗೆ ಸ್ವಂತ ಮೈದಾನ ಇಲ್ಲದ್ದಕ್ಕೆ ಓಡುವ ಹುಡುಗಿಯರನ್ನು ಬೈದು ಏನು ಪ್ರಯೋಜನ?

ಇನ್ನು ಚೆಟ್ರಿ. ಇಲ್ಲಿ ನೀವು ಪತ್ರ ಹರಿದು ಹಾಕುವ ಸಾಧ್ಯತೆ ಇದೆ. ದಯವಿಟ್ಟು ಇನ್ನೊಂದು ಪುಟ ತಾಳಿ.

ಚೆಟ್ರಿ 2025ರಲ್ಲಿ ಭಾರತ ತಂಡಕ್ಕೆ ವಾಪಸ್ ಬರಬಾರದಿತ್ತು.

2024ರ ಜೂನ್ 6, ಕೋಲ್ಕತ್ತಾದ ಸಾಲ್ಟ್ ಲೇಕ್, ಕುವೈತ್ ವಿರುದ್ಧ 0-0. ಪಂದ್ಯ ಸಪ್ಪೆ, ಆದರೆ ವಿದಾಯ ಚೆನ್ನಾಗಿತ್ತು. 151 ಪಂದ್ಯ, 94 ಗೋಲು, ಕಣ್ಣೀರು, ಗೌರವ. 2005ರಲ್ಲಿ ಕ್ವೆಟ್ಟಾದಲ್ಲಿ ಪಾಕಿಸ್ತಾನದ ವಿರುದ್ಧ ಗೋಲು ಹೊಡೆದು ಶುರು ಮಾಡಿದವನು, 19 ವರ್ಷದ ಮೇಲೆ ನೆಟ್ಟಗೆ ನಡೆದು ಹೊರಗೆ ಹೋದ. ಎಷ್ಟು ಜನರಿಗೆ ಸಿಗುತ್ತದೆ ಅದು? 2024ರಲ್ಲಿ ಭಾರತ ಒಂದೇ ಒಂದು ಪಂದ್ಯ ಗೆಲ್ಲಲಿಲ್ಲ. ಗಾಬರಿಯಾದವರು ಮತ್ತೆ ಅವನ ಬಾಗಿಲು ತಟ್ಟಿದರು. 2025ರ ಮಾರ್ಚ್‌ನಲ್ಲಿ ನಲವತ್ತು ದಾಟಿದವನು ಮತ್ತೆ ಜೆರ್ಸಿ ಹಾಕಿಕೊಂಡ. ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ವಿರುದ್ಧ ಹೆಡರ್ ಗೋಲು, 95. ನಾವು ಕುಣಿದೆವು. ಆಮೇಲೆ? ಬಾಂಗ್ಲಾದೇಶದ ಜೊತೆ 0-0. ಹಾಂಗ್‌ಕಾಂಗ್‌ನಲ್ಲಿ ಸೋಲು. ಅಕ್ಟೋಬರ್‌ನಲ್ಲಿ ಗೋವಾದಲ್ಲಿ ಸಿಂಗಪುರದ ಎದುರು 1-2, ಏಷ್ಯನ್ ಕಪ್ ಬಾಗಿಲು ಮುಚ್ಚಿತು.

ಅವನಿಗೆ ಆಡಲು ಬರುತ್ತಿರಲಿಲ್ಲ ಅಂತ ನಾನು ಹೇಳುತ್ತಿಲ್ಲ. 2024-25ರ ಐಎಸ್‌ಎಲ್‌ನಲ್ಲಿ 14 ಗೋಲು, ಭಾರತೀಯರ ಪೈಕಿ ಅವನದ್ದೇ ಜಾಸ್ತಿ. ಸಮಸ್ಯೆ ಅದೇ. ನಲವತ್ತರವನು ದೇಶದ ಅತಿ ಹೆಚ್ಚು ಗೋಲು ಹೊಡೆಯುವವನಾದರೆ ಚಪ್ಪಾಳೆ ಅವನಿಗೆ, ನಾಚಿಕೆ ಉಳಿದವರಿಗೆ. ಅವನು 'ಬರಲ್ಲ' ಅಂದಿದ್ದರೆ ಆ ನಾಚಿಕೆ ಎಲ್ಲರ ಕಣ್ಣಿಗೆ ಬೀಳುತ್ತಿತ್ತು. ಕ್ಲಬ್ಬುಗಳು ಮುಂಚೂಣಿಗೆ ವಿದೇಶಿಯರನ್ನೇ ತರುವುದು, ಭಾರತದ ಹುಡುಗ ಸ್ಟ್ರೈಕರ್ ಆಗಿ ಬೆಳೆದರೂ ಕೊನೆಗೆ ವಿಂಗಿಗೆ ಹೋಗಿ ನಿಲ್ಲುವುದು, ಇದೆಲ್ಲ ಚರ್ಚೆಯಾಗುತ್ತಿತ್ತು. ಅವನು ಬಂದ, ಹಳೆ ಗೋಡೆಗೆ ಹೊಸ ಸುಣ್ಣ ಬಳಿದಂತಾಯಿತು. ಬಿರುಕು ಆರು ತಿಂಗಳು ಕಾಣಲಿಲ್ಲ, ಅಷ್ಟೇ.

ಇನ್ನೊಂದು. ಗೋಲುಗಳ ಪಟ್ಟಿಯಲ್ಲಿ ಅವನ ಹೆಸರನ್ನು ರೊನಾಲ್ಡೊ, ಮೆಸ್ಸಿ ಪಕ್ಕ ಇಟ್ಟು ಹಂಚುವುದನ್ನು ನಿಲ್ಲಿಸೋಣ. ಅದು ಅವನಿಗೆ ಮಾಡುವ ಉಪಕಾರವಲ್ಲ. ಮಾಲ್ಡೀವ್ಸ್, ನೇಪಾಳದ ಎದುರು ಹೊಡೆದ ಗೋಲನ್ನು ಬ್ರೆಜಿಲ್ ಎದುರು ಹೊಡೆದ ಗೋಲಿನ ಪಕ್ಕ ಇಟ್ಟರೆ ಹೊರಗಿನವರು ನಗುತ್ತಾರೆ. ನಗು ಬೀಳುವುದು ಅವನ ಮೇಲೆ. ನನ್ನ ಲೆಕ್ಕದಲ್ಲಿ ಅವನ ದೊಡ್ಡಸ್ತಿಕೆ ಗೋಲಿನಲ್ಲಿಲ್ಲ. 2018ರ ಜೂನ್‌ನಲ್ಲಿ ಮುಂಬೈನಲ್ಲಿ ಚೈನೀಸ್ ತೈಪೆ ವಿರುದ್ಧ ಭಾರತ 5-0 ಗೆದ್ದಾಗ ನೋಡಲು ಬಂದಿದ್ದವರು 2,569 ಜನ. ಮರುದಿನ ಅವನು ಫೋನ್ ಮುಂದೆ ನಿಂತು ಕೈಮುಗಿದು ಕೇಳಿದ. ಬೈಯಿರಿ, ಟೀಕೆ ಮಾಡಿ, ಆದರೆ ಬಂದು ನೋಡಿ ಮಾಡಿ ಅನ್ನುವುದು ಅವನ ಮಾತಿನ ತಾತ್ಪರ್ಯ. ಎರಡು ದಿನ ಬಿಟ್ಟು ಕೀನ್ಯಾ ವಿರುದ್ಧದ ಪಂದ್ಯಕ್ಕೆ ಟಿಕೆಟ್ಟೇ ಸಿಗಲಿಲ್ಲ. ಅದು ಅವನ ನೂರನೇ ಪಂದ್ಯ. ಎರಡು ಗೋಲನ್ನೂ ಹೊಡೆದ. ಒಬ್ಬ ದೇಶದ ಕ್ಯಾಪ್ಟನ್ ಪ್ರೇಕ್ಷಕರಿಗಾಗಿ ಅಂಗಲಾಚಬೇಕಾಯಿತು ಅನ್ನುವುದು ನನಗೆ ಅವನ 95 ಗೋಲಿಗಿಂತ ಜಾಸ್ತಿ ನೆನಪಿರುತ್ತದೆ.

ಕೋಚ್‌ಗಳ ಬಗ್ಗೆ ಬರೆಯುತ್ತಿದ್ದೆ, ಎಲ್ಲಿಗೋ ಹೋದೆ. ಭಾರತ ತಂಡದ ಕೋಚ್ ಆಗಿದ್ದ ಇಗೋರ್ ಸ್ಟಿಮಾಚ್. ಈ ಹೆಸರು ಕೇಳಿದರೆ ಈಗಲೂ ಕೆಲವರು ಉಗುಳುತ್ತಾರೆ. 2023ರ ಜುಲೈ 4ರಂದು ಇದೇ ಕಂಠೀರವದಲ್ಲಿ ದಕ್ಷಿಣ ಏಷ್ಯಾದ ಸ್ಯಾಫ್ ಟೂರ್ನಿಯ ಫೈನಲ್ ನಡೆದಾಗ ನಾನು ಅಲ್ಲಿದ್ದೆ. ಕುವೈತ್ ಜೊತೆ 1-1, ಆಮೇಲೆ ಶೂಟೌಟು, ನಮ್ಮ ಗೋಲ್‌ಕೀಪರ್ ಗುರ್‌ಪ್ರೀತ್ ಕೊನೆಯ ಹೊಡೆತ ತಡೆದ. ಇಡೀ ಕ್ರೀಡಾಂಗಣ 'ವಂದೇ ಮಾತರಂ' ಹಾಡಿತು. ಪಕ್ಕದ ಅಪರಿಚಿತ ಮುದುಕರೊಬ್ಬರು ನನ್ನ ಕೈ ಹಿಡಿದು ಅತ್ತರು. ಅದೇ ತಿಂಗಳು ಭಾರತ ರ‍್ಯಾಂಕಿಂಗ್‌ನಲ್ಲಿ 99ಕ್ಕೆ ಬಂತು. ಆಗ ಸ್ಟಿಮಾಚ್ ದೇವರು. ಆರು ತಿಂಗಳ ಮೇಲೆ ಏಷ್ಯನ್ ಕಪ್‌ನಲ್ಲಿ ಮೂರು ಪಂದ್ಯ ಸೋತು, ಒಂದೂ ಗೋಲು ಹೊಡೆಯದೆ ಬಂದಾಗ ದೆವ್ವ. 2024ರ ಜೂನ್‌ನಲ್ಲಿ ಮನೆಗೆ.

ಅವನೇನು ಸಾಧುವಲ್ಲ. ಪಾಕಿಸ್ತಾನದ ಆಟಗಾರನ ಕೈಯಿಂದ ಚೆಂಡು ಕಿತ್ತುಕೊಂಡು ರೆಡ್ ಕಾರ್ಡ್ ತೆಗೆದುಕೊಂಡ. ಆಟಗಾರರ ಜಾತಕ ನೋಡಲು ಜ್ಯೋತಿಷಿಯನ್ನು ಇಟ್ಟುಕೊಂಡ ಸುದ್ದಿ ಬಂದಾಗ ನಾನು ನಕ್ಕು ನಕ್ಕು ಸುಸ್ತಾದೆ. ಆದರೆ ಒಂದು ವಿಷಯದಲ್ಲಿ ಅವನು ಹೇಳಿದ್ದು ಸರಿ. ತಂಡ ಕಟ್ಟಲು ದಿನ ಬೇಕು ಅಂತ ಬಾಯಿ ಬಡಿದುಕೊಂಡ. ಹಾಂಗ್‌ಝೌ ಏಷ್ಯನ್ ಗೇಮ್ಸ್ ನೆನಪಿದೆಯಾ? ಕ್ಲಬ್ಬುಗಳು ಆಟಗಾರರನ್ನು ಬಿಡಲಿಲ್ಲ. ಕೊನೆ ಗಳಿಗೆಯಲ್ಲಿ ಸಿಕ್ಕವರನ್ನು ಸೇರಿಸಿಕೊಂಡು ತಂಡ ಪಂದ್ಯದ ಹಿಂದಿನ ದಿನ ಚೀನಾ ತಲುಪಿತು. ನಿದ್ದೆಗಣ್ಣಿನಲ್ಲಿ ಆಡಿ 1-5 ಸೋತರು. ಆಟಗಾರರನ್ನು ಬಿಡದ ಕ್ಲಬ್ಬುಗಳನ್ನು ನಾವು ಬೈದೆವಾ? ಇಲ್ಲ, ಅವು ನಮ್ಮ ಕ್ಲಬ್ಬುಗಳು. ಸುಲಭಕ್ಕೆ ಸಿಕ್ಕವನು ಕೋಚ್. ಅವನ ನಂತರ ಮನೋಲೊ ಮಾರ್ಕ್ವೆಜ್ ಬಂದರು, ಅವರಿಗೆ ಎಫ್‌ಸಿ ಗೋವಾ ಮತ್ತು ಭಾರತ ಎರಡನ್ನೂ ಒಟ್ಟಿಗೆ ಕೊಟ್ಟೆವು. ಒಬ್ಬಳೇ ಸೊಸೆ ಎರಡು ಮನೆಗೆ ಅಡುಗೆ ಮಾಡಿದ ಹಾಗೆ. ಈಗ ಖಾಲಿದ್ ಜಮೀಲ್ ಸರದಿ. ಐಜ್ವಾಲ್‌ನಂಥ ಸಣ್ಣ ತಂಡವನ್ನು ಐ-ಲೀಗ್ ಗೆಲ್ಲಿಸಿದವರು. 'ಬರೀ ಡಿಫೆನ್ಸು' ಅಂತ ಗೊಣಗಾಟ ಆಗಲೇ ಶುರುವಾಗಿದೆ.

ಮೆಸ್ಸಿ ವಿಷಯ ಎತ್ತಬಾರದು ಅಂದುಕೊಂಡಿದ್ದೆ. ಆದರೂ ಒಂದು ಸಾಲು. 2025ರ ಡಿಸೆಂಬರ್ 13ರಂದು ಸಾಲ್ಟ್ ಲೇಕ್‌ನಲ್ಲಿ ಸಾವಿರಾರು ರೂಪಾಯಿ ಕೊಟ್ಟು ಬಂದವರಿಗೆ ಮೆಸ್ಸಿ ಸರಿಯಾಗಿ ಕಾಣಲೂ ಇಲ್ಲ. ಸುತ್ತ ಗಣ್ಯರ ಗುಂಪು. ಕೊನೆಗೆ ಕುರ್ಚಿ, ಬಾಟಲಿ ಮೈದಾನಕ್ಕೆ ಬಿದ್ದವು. ಆ ದಿನ ದೇಶದಲ್ಲಿ ಐಎಸ್‌ಎಲ್ ಶುರುವೇ ಆಗಿರಲಿಲ್ಲ, ಆಟಗಾರರು ಮನೆಯಲ್ಲಿ ಕೂತಿದ್ದರು. ಮೆಸ್ಸಿಯನ್ನು ನೋಡಲು ಹೋದವರನ್ನು ನಾನು ಆಡಿಕೊಳ್ಳುವುದಿಲ್ಲ. ಜೀವಮಾನದಲ್ಲಿ ಒಮ್ಮೆ ಅನ್ನುವ ಆಸೆ ಎಲ್ಲರಿಗೂ ಇರುತ್ತದೆ. ನಮ್ಮ ಗೌತಮಪುರದವರು ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿಕೊಂಡಿದ್ದಾರಲ್ಲ. ಆದರೆ ಅವರು ಪ್ರತಿಮೆ ನಿಲ್ಲಿಸಿ ಸುಮ್ನೆ ಕೂರಲಿಲ್ಲ, ಸಂಜೆ ಚೆಂಡನ್ನೂ ಒದೆಯುತ್ತಾರೆ.

ಗೌತಮಪುರ ಅಂದಾಗ ಇನ್ನೊಂದು ಅಪ್ರಿಯ ಮಾತು. ಇದು ಕನ್ನಡದಲ್ಲಿ ಓದುವ, ಬರೆಯುವ ನಮಗೇ. ಈ ಊರಿನ ಫುಟ್‌ಬಾಲ್ ಬೆಳೆದಿದ್ದು ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ, ತಮಿಳು, ದಖ್ನಿ, ಇಂಗ್ಲಿಷ್, ಕನ್ನಡ ಎಲ್ಲಾ ಬೆರೆತ ಗಲ್ಲಿಗಳಲ್ಲಿ. ಪೇಟೆ ಕಡೆಯ ನಾವು ಅದನ್ನು ನಮ್ಮದು ಅಂದುಕೊಳ್ಳಲೇ ಇಲ್ಲ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಅನ್ನುವ ತಂಡ ಮುಂಬೈಗೆ ಹೋಗಿ, ಬ್ರಿಟಿಷ್ ಪಲ್ಟನ್ನುಗಳೇ ಗೆಲ್ಲುತ್ತಿದ್ದ ರೋವರ್ಸ್ ಕಪ್ಪನ್ನು ಎತ್ತಿಕೊಂಡು ಬಂತು. ಮಾರನೇ ವರ್ಷ ಮತ್ತೆ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ಮೊದಲ ಗೋಲನ್ನು, ಫ್ರಾನ್ಸ್ ವಿರುದ್ಧ, ಹೊಡೆದವರು ಮೈಸೂರಿಗೆ ಆಡುತ್ತಿದ್ದ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್‌ರನ್ನು ಈಸ್ಟ್ ಬೆಂಗಾಲ್‌ನವರು ಪಂಚಪಾಂಡವರಲ್ಲಿ ಒಬ್ಬರು ಅಂತ ಇವತ್ತಿಗೂ ನೆನೆಯುತ್ತಾರೆ. ಕೋಲ್ಕತ್ತಾದ ಆಟೋದವನಿಗೆ ಗೊತ್ತಿರುವ ಹೆಸರು ನಮ್ಮ ಜಯನಗರದಲ್ಲಿ, ಮಲ್ಲೇಶ್ವರದಲ್ಲಿ ಎಷ್ಟು ಜನಕ್ಕೆ ಗೊತ್ತು? ನನಗೂ ಅಪ್ಪ ಹೇಳದಿದ್ದರೆ ಗೊತ್ತಾಗುತ್ತಿರಲಿಲ್ಲ.

ನಾನು ನಿಮ್ಮನ್ನು ಕೇಳುವುದು ಚಿಕ್ಕದು. ಕಂಠೀರವಕ್ಕೆ ಬರುವುದನ್ನು ಬಿಡಬೇಡಿ. ಚೆಟ್ರಿಯನ್ನು ಪ್ರೀತಿಸುವುದನ್ನೂ ಬಿಡಬೇಡಿ, ನಾನೂ ಬಿಡುವುದಿಲ್ಲ. ಆದರೆ ಬೆಂಗಳೂರಿನ ಸ್ಥಳೀಯ ಕ್ಲಬ್ಬುಗಳ ಲೀಗ್ ಆದ ಸೂಪರ್ ಡಿವಿಷನ್‌ನ ಈ ಸೀಸನ್ನಿನಲ್ಲಿ ಒಂದೇ ಒಂದು ಮಧ್ಯಾಹ್ನ ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂಗೆ ಬನ್ನಿ. ಎಂಜಿ ರೋಡ್ ಮೆಟ್ರೋದಲ್ಲಿ ಇಳಿದು ನಡೆದೇ ಬರಬಹುದು. ಸಂತೋಷ್ ಟ್ರೋಫಿಗೆ ಆಡುವ ಹುಡುಗರು ಸಿಗುವುದು ಇಂಥ ಪಂದ್ಯಗಳಲ್ಲೇ. ಡಿಜೆ ಇರುವುದಿಲ್ಲ, ದೊಡ್ಡ ಪರದೆ ಇರುವುದಿಲ್ಲ. ಆಟಗಾರರು ಒಬ್ಬರಿಗೊಬ್ಬರು ಬೈದುಕೊಳ್ಳುವುದು ನಾಲ್ಕು ಭಾಷೆಯಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ಲೈನ್ಸ್‌ಮನ್ ಕಿವಿಗೆ ಬೀಳುವಷ್ಟು ಹತ್ತಿರದಿಂದ ನೀವೂ ಬೈಯಬಹುದು.

ಅಪ್ಪನೂ ಬರುತ್ತಾರೆ. ಮಂಡಿ ನೋವು, ಮೇಲಿನ ಮೆಟ್ಟಿಲು ಹತ್ತಲು ಆಗಲ್ಲ, ಅದಕ್ಕೆ ಕೆಳಗಿನ ಸಾಲಿನಲ್ಲೇ ಕೂತಿರುತ್ತೇವೆ, ನಡುಗೆರೆಯ ನೇರಕ್ಕೆ. ಫ್ಲಾಸ್ಕಿನಲ್ಲಿ ಕಾಫಿ ಇರುತ್ತದೆ, ಲೋಟ ನೀವೇ ತನ್ನಿ. ಅಪ್ಪ ಬಾಲಿನ ಕಡೆ ನೋಡುವುದಿಲ್ಲ, ಇಡೀ ಪಂದ್ಯ ಲೆಫ್ಟ್ ಬ್ಯಾಕ್ ಒಬ್ಬನನ್ನೇ ನೋಡುತ್ತಾರೆ. ಯಾಕೆ ಅಂತ ಕೇಳಬೇಡಿ, ಕೇಳಿದರೆ ಅರ್ಧ ಗಂಟೆ ಹೇಳುತ್ತಾರೆ.

ಇಂತಿ,
ನಿಮ್ಮ ಪೈಕಿಯ ಒಂದು ಬಣ್ಣ ಬಿಟ್ಟ ನೀಲಿ ಜೆರ್ಸಿ